ಕಟ್ಟಡ ವಿನ್ಯಾಸದ ತಂತ್ರಾಂಶಗಳು: ಒಂದು ತೌಲನಿಕ ವಿವೇಚನೆ

ಯಾವುದೇ ಕಟ್ಟಡವು ಎರಡು ಸಲ ನಿರ್ಮಾಣಗೊಳ್ಳುತ್ತದೆ. ಮೊದಲನೆಯ ಸಲ ಕಲ್ಪನೆಯಲ್ಲಿ ಮೂಡಿ ರೇಖೆಯಲ್ಲಿ ನಿಲ್ಲುತ್ತದೆ. ಎರಡನೆಯ ಸಲ ಕಲ್ಲು, ಇಟ್ಟಿಗೆ, ಗಾರೆಗಳಲ್ಲಿ ಎದ್ದು ನಿಲ್ಲುತ್ತದೆ. ಮೊದಲನೆಯ ನಿರ್ಮಾಣದಲ್ಲಿ ಕಣ್ತಪ್ಪಿ ಉಳಿದ ದೋಷವು ಎರಡನೆಯದರಲ್ಲಿ ಬಲಿತು ಪ್ರಕಟವಾಗುತ್ತದೆ. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಗೋಡೆಯಲ್ಲಿ ಸೇರಿಹೋದ ತಪ್ಪನ್ನು ಒಡೆದೇ ತೆಗೆಯಬೇಕು. ಈ ಕಾರಣದಿಂದಲೇ ಪ್ರಾಚೀನರು ಅಳತೆಯ ಕಾರ್ಯಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟರು. ಮಾನಸಾರ, ಮಯಮತ ಮೊದಲಾದ ವಾಸ್ತುಗ್ರಂಥಗಳು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ಶಿಲ್ಪಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿವೆ. ಇವರಲ್ಲಿ ನೂಲು ಹಿಡಿದು ಅಳತೆಯನ್ನು ನಿಶ್ಚಯಿಸುವವನೇ ಸೂತ್ರಗ್ರಾಹಿ. ಸ್ಥಪತಿಯ ಮನಸ್ಸಿನಲ್ಲಿರುವುದನ್ನು ಕೆಲಸಗಾರನ ಕೈಗೆ ಮುಟ್ಟಿಸುವ ಆ ಸೂತ್ರಗ್ರಾಹಿಯ ಹೊಣೆಯಲ್ಲಿ ಬಹುಪಾಲನ್ನು ಇಂದು ಗಣಕಯಂತ್ರದ ತಂತ್ರಾಂಶಗಳು ವಹಿಸಿಕೊಂಡಿವೆ.

ಹೊಸ ವಿದ್ಯಾರ್ಥಿನಿಲಯವನ್ನೋ ಗ್ರಂಥಾಲಯವನ್ನೋ ಕಟ್ಟಿಸಬೇಕೆಂದು ಸಂಕಲ್ಪಿಸಿದ ಹಿರಿಯರು ವಾಸ್ತುಶಿಲ್ಪಿಯ ಕಚೇರಿಗೆ ಹೋದರೆ ಆಟೊಕ್ಯಾಡ್, ರೆವಿಟ್, ಆರ್ಕಿಕ್ಯಾಡ್, ಸ್ಕೆಚ್‌ಅಪ್ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಪ್ರತಿಯೊಂದರ ತಯಾರಕರೂ ವರ್ಷಕ್ಕೊಮ್ಮೆ ಹೊಸ ಆವೃತ್ತಿಯನ್ನು ಹೊರತಂದು ತಮ್ಮದೇ ಶ್ರೇಷ್ಠವೆಂದು ಸಾರುತ್ತಾರೆ. ಈ ಸಾಧನಗಳು ಪರಸ್ಪರ ಯಾವುದರಲ್ಲಿ ಭಿನ್ನ, ಹೊಸ ಸೌಲಭ್ಯಗಳಲ್ಲಿ ಸಾರವಾವುದು, ಅಲಂಕಾರವಾವುದು, ಕಟ್ಟಿಸುವವರು ಗಮನಿಸಬೇಕಾದುದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೇಖೆಯ ಯುಗ

ಗಣಕಯಂತ್ರವು ಬರುವ ಮುನ್ನ ಟೀ-ಸ್ಕ್ವೇರ್, ಮೂಲೆಮಟ್ಟ, ಟ್ರೇಸಿಂಗ್ ಕಾಗದ ಮತ್ತು ಶಾಯಿಯ ಲೇಖನಿಗಳೇ ನಕ್ಷೆಗಾರನ ಆಯುಧಗಳಾಗಿದ್ದವು. ಒಂದು ಕಟ್ಟಡಕ್ಕೆ ತಲವಿನ್ಯಾಸ, ಮುಖನೋಟ, ಛೇದನೋಟ ಎಂದು ಹಲವು ಹಾಳೆಗಳು ಬೇಕು. ಜನರ ಬಾಯಲ್ಲಿ ಇವು ಪ್ಲಾನ್, ಎಲಿವೇಶನ್, ಸೆಕ್ಷನ್. ಇವೆಲ್ಲವೂ ಒಂದೇ ಕಟ್ಟಡದ ವರ್ಣನೆಗಳಾದರೂ ಒಂದೊಂದನ್ನೂ ಬೇರೆಬೇರೆಯಾಗಿಯೇ ಬರೆಯಬೇಕಾಗಿತ್ತು. ತಲವಿನ್ಯಾಸದಲ್ಲಿ ನಾಲ್ಕು ಅಡಿಯ ಕಿಟಕಿಯನ್ನು ಐದು ಅಡಿಗೆ ಹಿಗ್ಗಿಸಿದರೆ, ಮುಖನೋಟದಲ್ಲಿಯೂ ಛೇದನೋಟದಲ್ಲಿಯೂ ಕಿಟಕಿಗಳ ಪಟ್ಟಿಯಲ್ಲಿಯೂ ಅದನ್ನು ನೆನಪಿಟ್ಟು ತಿದ್ದಬೇಕು. ಒಂದು ಕಡೆ ಮರೆತರೆ ಬಡಗಿಯು ಪಟ್ಟಿಯನ್ನು ನೋಡಿ ನಾಲ್ಕು ಅಡಿಯ ಚೌಕಟ್ಟನ್ನು ಮಾಡಿ ತರುತ್ತಾನೆ. ಮೇಸ್ತ್ರಿಯು ತಲವಿನ್ಯಾಸವನ್ನು ನೋಡಿ ಐದು ಅಡಿಯ ಬಾಯಿ ಬಿಟ್ಟಿರುತ್ತಾನೆ. ಇಬ್ಬರೂ ತಪ್ಪಿಲ್ಲದವರೇ, ಕಟ್ಟಡ ಮಾತ್ರ ತಪ್ಪಾಗಿರುತ್ತದೆ.

ಗಣಕಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ವಿದ್ಯೆಯನ್ನು ಐವನ್ ಸದರ್ಲೆಂಡ್ ಎಂಬ ವಿದ್ವಾಂಸರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1963ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಸಿದ್ಧಪಡಿಸಿದರು. ಸ್ಕೆಚ್‌ಪ್ಯಾಡ್ ಎಂಬ ಆ ತಂತ್ರಾಂಶದಲ್ಲಿ ಎರಡು ರೇಖೆಗಳು ಸದಾ ಸಮಾನಾಂತರವಾಗಿರಲಿ ಎಂದು ವಿಧಿಸಿದರೆ ಯಂತ್ರವು ಆ ವಿಧಿಯನ್ನು ಪಾಲಿಸುತ್ತಿತ್ತು. ರೇಖೆಗಳಿಗೆ ಪರಸ್ಪರ ಸಂಬಂಧವನ್ನು ಕಲ್ಪಿಸುವ ಈ ಬೀಜವು ಮುಂದೆ ಮಹಾವೃಕ್ಷವಾಯಿತು. ಆದರೆ ಅಂದಿನ ಯಂತ್ರವು ಒಂದು ಕೊಠಡಿಯನ್ನೇ ತುಂಬುವಷ್ಟು ದೊಡ್ಡದಾಗಿದ್ದುದರಿಂದ ಸಾಮಾನ್ಯ ಕಚೇರಿಗಳಿಗೆ ಅದು ಎಟುಕದ ವಸ್ತುವಾಗಿಯೇ ಉಳಿಯಿತು.

ಮೇಜಿನ ಮೇಲಿಡಬಹುದಾದ ಗಣಕಯಂತ್ರಗಳು ಬಂದ ಮೇಲೆ, 1982ರಲ್ಲಿ ಜಾನ್ ವಾಕರ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಆಟೊಡೆಸ್ಕ್ ಸಂಸ್ಥೆಯನ್ನು ಸ್ಥಾಪಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಆಟೊಕ್ಯಾಡ್ ತಂತ್ರಾಂಶವನ್ನು ಮಾರಾಟಕ್ಕೆ ತಂದರು. ಬರೆದುದನ್ನು ಗಾಯವಿಲ್ಲದೆ ಅಳಿಸಬಹುದು, ಒಂದು ಕಂಬವನ್ನು ಬರೆದು ನೂರು ಕಡೆ ಪ್ರತಿಮಾಡಬಹುದು, ಗೋಡೆ, ವಿದ್ಯುತ್ತು, ನೀರಿನ ಕೊಳವೆಗಳನ್ನು ಬೇರೆಬೇರೆ ಪದರಗಳಲ್ಲಿರಿಸಿ ಬೇಕಾದಾಗ ಬೇಕಾದುದನ್ನು ಮಾತ್ರ ನೋಡಬಹುದು. ಇದರ ಡಿಡಬ್ಲ್ಯುಜಿ ಎಂಬ ಕಡತರೂಪವು ಲೋಕದ ರೂಢಿಯೇ ಆಯಿತು. ಭಾರತದ ಅನೇಕ ನಗರಗಳಲ್ಲಿ ಕಟ್ಟಡದ ನಕ್ಷೆಗೆ ಗಣಕದ ಮೂಲಕ ಅನುಮತಿ ಬೇಡುವವರು ಪದರಗಳಾಗಿ ವಿಂಗಡಿಸಿದ ಇಂಥ ರೇಖಾಚಿತ್ರವನ್ನೇ ಸಲ್ಲಿಸಬೇಕಾಗುತ್ತದೆ. ಹೊಸ ಸಾಧನಗಳು ಎಷ್ಟು ಬಂದರೂ ಆಟೊಕ್ಯಾಡ್ ಕಚೇರಿಗಳಿಂದ ಮರೆಯಾಗದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಮೂಲದೋಷವು ಹಾಗೆಯೇ ಉಳಿಯಿತು. ಆಟೊಕ್ಯಾಡಿನ ಸಾಮಾನ್ಯ ಬಳಕೆಯಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ರೇಖೆಗಳು ಮಾತ್ರ. ತಾನು ಗೋಡೆಯೆಂಬ ಅರಿವು ಆ ರೇಖೆಗಳಿಗಿಲ್ಲ. ಕಾಗದದ ಮೇಲೆ ನಡೆಯುತ್ತಿದ್ದ ಕಾರ್ಯವು ತೆರೆಯ ಮೇಲೆ ವೇಗವಾಗಿ ನಡೆಯಿತು; ಒಂದು ಹಾಳೆಯ ತಿದ್ದುಪಡಿ ಇನ್ನೊಂದು ಹಾಳೆಗೆ ತಾನಾಗಿ ತಲುಪಲಿಲ್ಲ.

ಪದ ಮತ್ತು ಪದಾರ್ಥ

ಈ ಕೊರತೆಯನ್ನು ಬಹು ಮೊದಲೇ ಕಂಡವರು ಚಾರ್ಲ್ಸ್ ಈಸ್ಟ್‌ಮನ್. ಕಟ್ಟಡವನ್ನು ರೇಖಾಚಿತ್ರಗಳ ಕಂತೆಯಾಗಿ ಇರಿಸದೆ, ಅದರ ಭಾಗಗಳ ವಿವರಗಳನ್ನೆಲ್ಲ ಒಂದೇ ಭಂಡಾರದಲ್ಲಿ ಇರಿಸಿ, ಬೇಕಾದ ಚಿತ್ರವನ್ನು ಅದರಿಂದ ಪಡೆಯಬಹುದೆಂದು ಅವರು 1975ರಲ್ಲಿಯೇ ಪ್ರತಿಪಾದಿಸಿದರು. ಇಂದು ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಎಂದೂ ಸಂಕ್ಷೇಪವಾಗಿ ಬಿಮ್ ಎಂದೂ ಕರೆಯುವ ಪದ್ಧತಿಯ ತಿರುಳು ಇದೇ. ಕನ್ನಡದಲ್ಲಿ ಇದನ್ನು ಕಟ್ಟಡದ ಮಾಹಿತಿಪೂರ್ಣ ಮಾದರಿ ಎನ್ನಬಹುದು.

ರೇಖೆಗೂ ಮಾದರಿಗೂ ಇರುವ ಅಂತರವು ಪದಕ್ಕೂ ಪದಾರ್ಥಕ್ಕೂ ಇರುವ ಅಂತರದಂತೆ. ‘ಗೋಡೆ’ ಎಂದು ಬರೆದ ಮಾತ್ರಕ್ಕೆ ಗೋಡೆಯ ದಪ್ಪವಾಗಲಿ ಭಾರವಾಗಲಿ ತಿಳಿಯದು. ನಮ್ಮ ತರ್ಕಶಾಸ್ತ್ರಕಾರರು ಪದಾರ್ಥವನ್ನು ವಿವರಿಸುವಾಗ ದ್ರವ್ಯವನ್ನೂ ಅದರ ಗುಣವನ್ನೂ, ಹಲವು ವ್ಯಕ್ತಿಗಳಲ್ಲಿ ಸಮಾನವಾಗಿರುವ ಸಾಮಾನ್ಯವನ್ನೂ, ಅಗಲಿಸಲಾಗದ ಸಂಬಂಧವಾದ ಸಮವಾಯವನ್ನೂ ಬೇರೆಬೇರೆಯಾಗಿ ಹೇಳಿದರು. ಬಿಮ್ ತಂತ್ರಾಂಶವೂ ಇಂಥ ವಿಂಗಡಣೆಯನ್ನೇ ಮಾಡುತ್ತದೆ. ಗೋಡೆಯು ಒಂದು ದ್ರವ್ಯ; ದಪ್ಪ, ಎತ್ತರ, ಬೆಂಕಿಯನ್ನು ತಡೆಯುವ ಶಕ್ತಿ, ಬೆಲೆ ಇವು ಅದರ ಗುಣಗಳು. ಕಿಟಕಿಯು ಗೋಡೆಯನ್ನು ಆಶ್ರಯಿಸಿಯೇ ಇರತಕ್ಕದ್ದು; ಗೋಡೆಯನ್ನು ಸರಿಸಿದರೆ ಕಿಟಕಿಯೂ ಸರಿಯುತ್ತದೆ, ಗೋಡೆಯನ್ನು ಅಳಿಸಿದರೆ ಕಿಟಕಿಯೂ ಅಳಿಯುತ್ತದೆ. ತಲವಿನ್ಯಾಸ, ಮುಖನೋಟ, ಕಿಟಕಿಗಳ ಪಟ್ಟಿ ಇವೆಲ್ಲ ಆ ಒಂದೇ ವಸ್ತುವನ್ನು ಬೇರೆಬೇರೆ ದಿಕ್ಕಿನಿಂದ ನೋಡಿದ ನೋಟಗಳು. ವಸ್ತುವನ್ನು ತಿದ್ದಿದರೆ ನೋಟಗಳೆಲ್ಲ ತಿದ್ದುಪಡಿಯಾಗುತ್ತವೆ.

ಒಂದು ಸೋಪಾನದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಅಂತಸ್ತಿನ ಎತ್ತರ 3300 ಮಿಲಿಮೀಟರ್, ಒಂದು ಮೆಟ್ಟಿಲಿನ ಏರು 150 ಮಿಲಿಮೀಟರ್ ಎಂದಾದರೆ 22 ಏರುಗಳು ಬೇಕು. ತೊಲೆಯ ಆಳ ಸಾಲದೆಂದು ಅಭಿಯಂತರರು ಅಂತಸ್ತನ್ನು 3450 ಮಿಲಿಮೀಟರಿಗೆ ಎತ್ತರಿಸಿದರೆನ್ನೋಣ. ಆಗ ಏರುಗಳು 23 ಆಗುತ್ತವೆ. ಮೆಟ್ಟಿಲಿನ ಹಾಸು 300 ಮಿಲಿಮೀಟರ್ ಆದಲ್ಲಿ ನೇರವಾಗಿ ಏರುವ ಸೋಪಾನಕ್ಕೆ ನೆಲದಲ್ಲಿಯೂ ಅಷ್ಟೇ ಹೆಚ್ಚು ಉದ್ದ ಬೇಕಾಗುತ್ತದೆ. ಆ 300 ಮಿಲಿಮೀಟರ್ ಮುಂದಿನ ಓಣಿಯನ್ನು ಕಿರಿದುಗೊಳಿಸಬಹುದು, ಅಥವಾ ಹತ್ತುವವರ ತಲೆಯ ಮೇಲೆ ತೊಲೆಯನ್ನು ತರಬಹುದು. ರೇಖಾಚಿತ್ರದಲ್ಲಿ ಇದನ್ನು ಮನುಷ್ಯನೇ ಊಹಿಸಿ ಎಲ್ಲ ಹಾಳೆಗಳಲ್ಲಿಯೂ ತಿದ್ದಬೇಕು. ಮಾದರಿಯಲ್ಲಿ ಅಂತಸ್ತಿಗೆ ಬಂಧಿಸಿದ ಗೋಡೆಗಳೂ ಸೋಪಾನವೂ ತಾವಾಗಿ ಬದಲಾಗುತ್ತವೆ, ಇಲ್ಲವೆ ನಿಯಮವು ಭಂಗವಾಯಿತೆಂದು ಎಚ್ಚರಿಸುತ್ತವೆ. ತೊಲೆಯೂ ಸೋಪಾನವೂ ಡಿಕ್ಕಿಹೊಡೆಯುವ ಸ್ಥಳವು ತೆರೆಯ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಎರಡು ಸಂಪ್ರದಾಯಗಳು

ಈ ಪದ್ಧತಿಯಲ್ಲಿ ಇಂದು ಪರಸ್ಪರ ಸ್ಪರ್ಧಿಸುತ್ತಿರುವ ಪ್ರಮುಖ ಸಾಧನಗಳೆಂದರೆ ಆರ್ಕಿಕ್ಯಾಡ್ ಮತ್ತು ರೆವಿಟ್.

ಆರ್ಕಿಕ್ಯಾಡ್ ಹುಟ್ಟಿದುದು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ. ಗಾಬೊರ್ ಬೊಯಾರ್ ಎಂಬುವರು 1982ರಲ್ಲಿ ಅಲ್ಲಿ ಗ್ರಾಫಿಸಾಫ್ಟ್ ಸಂಸ್ಥೆಯನ್ನು ಆರಂಭಿಸಿದರು. ಸಮಾಜವಾದಿ ಆಡಳಿತದ ಆ ದಿನಗಳಲ್ಲಿ ಪಶ್ಚಿಮದ ಗಣಕಯಂತ್ರಗಳು ಅಲ್ಲಿಯ ಜನರಿಗೆ ದುರ್ಲಭವಾಗಿದ್ದವು. ಪಾಕ್ಸ್ ಅಣುವಿದ್ಯುತ್ ಸ್ಥಾವರದ ಕೊಳವೆಗಳ ಜಾಲವನ್ನು ಮೂರು ಆಯಾಮಗಳ ಮಾದರಿಯಾಗಿ ರೂಪಿಸುವ ಕಾರ್ಯದಿಂದ ಅವರ ವಿದ್ಯೆ ಬೆಳೆಯಿತು. ಮುಂದೆ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರಕ್ಕಾಗಿ ರೂಪುಗೊಂಡ ಆರ್ಕಿಕ್ಯಾಡ್ 1987ರ ವೇಳೆಗೆ ‘ಕಲ್ಪಿತ ಕಟ್ಟಡ’ ಎಂಬ ತತ್ತ್ವವನ್ನು ಮುಂದಿಟ್ಟಿತು. ಬಡ ಯಂತ್ರಗಳಲ್ಲಿ ದೊಡ್ಡ ಕಾರ್ಯವನ್ನು ಸಾಧಿಸಬೇಕಾಗಿದ್ದ ಮಿತವ್ಯಯದ ಗುಣವು ಈ ಸಾಧನದಲ್ಲಿ ಇಂದಿಗೂ ಕಾಣುತ್ತದೆ. ಜರ್ಮನಿಯ ನೆಮೆಚೆಕ್ ಬಳಗವು 2007ರ ವೇಳೆಗೆ ಗ್ರಾಫಿಸಾಫ್ಟನ್ನು ತನ್ನದಾಗಿಸಿಕೊಂಡಿತು.

ರೆವಿಟ್ ಕಿರಿಯದು. ಯಂತ್ರಭಾಗಗಳ ವಿನ್ಯಾಸ ತಂತ್ರಾಂಶದಲ್ಲಿ ನುರಿತಿದ್ದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ ಎಂಬುವರು 1997ರಲ್ಲಿ ಅಮೆರಿಕದಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಕಟ್ಟಡಕ್ಕೂ ಅದೇ ಶಿಸ್ತನ್ನು ಅನ್ವಯಿಸಲು ಹೊರಟರು. ಮೊದಲ ಆವೃತ್ತಿ ಪ್ರಕಟವಾದುದು 2000ದ ಏಪ್ರಿಲಿನಲ್ಲಿ. ಆಟೊಕ್ಯಾಡಿನ ಒಡೆಯರಾದ ಆಟೊಡೆಸ್ಕ್ ಸಂಸ್ಥೆಯವರು 2002ರಲ್ಲಿ ಇದನ್ನು 13 ಕೋಟಿ 30 ಲಕ್ಷ ಡಾಲರಿಗೆ ಕೊಂಡರು. ರೇಖೆಯ ಯುಗದ ದೊರೆಯೇ ಮಾದರಿಯ ಯುಗದ ಉತ್ತರಾಧಿಕಾರಿಯನ್ನು ದತ್ತು ತೆಗೆದುಕೊಂಡಂತಾಯಿತು.

ಗುಣತಾರತಮ್ಯ

ಎರಡೂ ಒಂದೇ ಗುರಿಯವಾದರೂ ಸ್ವಭಾವದಲ್ಲಿ ಭಿನ್ನ. ರೆವಿಟ್ ಸಂಬಂಧಪ್ರಧಾನವಾದುದು. ಅದರಲ್ಲಿ ವಸ್ತುಗಳು ವರ್ಗ, ಕುಟುಂಬ, ಪ್ರಕಾರ, ವ್ಯಕ್ತಿ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ನಿಲ್ಲುತ್ತವೆ. ಬಾಗಿಲು ಒಂದು ವರ್ಗ. ಒಂಟಿರೆಕ್ಕೆಯ ಬಾಗಿಲು ಒಂದು ಕುಟುಂಬ. 900 ಮಿಲಿಮೀಟರ್ ಅಗಲದ್ದು ಒಂದು ಪ್ರಕಾರ. ಮೂರನೆಯ ಕೊಠಡಿಯ ಬಾಗಿಲು ಒಂದು ವ್ಯಕ್ತಿ. ಪ್ರಕಾರದ ಅಗಲವನ್ನು 1000 ಮಿಲಿಮೀಟರಿಗೆ ತಿದ್ದಿದರೆ ಆ ಪ್ರಕಾರದ ಬಾಗಿಲುಗಳೆಲ್ಲ, ಅವು ಇನ್ನೂರಿದ್ದರೂ, ಒಮ್ಮೆಗೇ ಬದಲಾಗುತ್ತವೆ. ಇದು ಮಹತ್ತರವಾದ ಶಕ್ತಿ. ಅಜಾಗರೂಕನ ಕೈಯಲ್ಲಿ ಅಷ್ಟೇ ಮಹತ್ತರವಾದ ಅಪಾಯವೂ ಹೌದು. ಹೊಸ ಕುಟುಂಬವನ್ನು ಬಳಕೆದಾರನು ಚಿತ್ರ ಬರೆದೇ ನಿರ್ಮಿಸಬಹುದು.

ಆರ್ಕಿಕ್ಯಾಡಿನ ವಸ್ತುಗಳ ಹಿಂದೆ ಜಿಡಿಎಲ್ ಎಂಬ ಕಿರುಭಾಷೆಯಿದೆ. ಕುರ್ಚಿಯನ್ನೋ ಕಿಟಕಿಯನ್ನೋ ಅದರಲ್ಲಿ ಕೆಲವೇ ಸಾಲುಗಳ ಸೂತ್ರಗಳಾಗಿ ಬರೆಯಬಹುದು. ಅಲ್ಪಾಕ್ಷರದಲ್ಲಿ ಬಹ್ವರ್ಥವನ್ನು ಹಿಡಿಯುವುದರಿಂದ ಕಡತಗಳು ಹಗುರವಾಗಿರುತ್ತವೆ. ಆದರೆ ಸೂತ್ರ ಬರೆಯುವ ವಿದ್ಯೆಯು ಎಲ್ಲ ವಾಸ್ತುಶಿಲ್ಪಿಗಳಿಗೂ ಸುಲಭವಲ್ಲ. ಸೂತ್ರ ಬರೆಯದೆಯೇ ವಸ್ತು ರಚಿಸುವ ಉಪಕರಣಗಳು ಈಚೆಗೆ ಸೇರಿವೆ. ಗೋಡೆ, ಚಪ್ಪಡಿ, ಕಂಬಗಳು ಕೂಡುವ ಎಡೆಯಲ್ಲಿ ಯಾವ ದ್ರವ್ಯವು ಯಾವುದನ್ನು ಕತ್ತರಿಸಬೇಕೆಂಬ ತಾರತಮ್ಯವನ್ನು 2013ರ 17ನೆಯ ಆವೃತ್ತಿಯು ದ್ರವ್ಯಕ್ಕೇ ಅಂಟಿಸಿತು. ಕಾಂಕ್ರೀಟು ಇಟ್ಟಿಗೆಯನ್ನು ಭೇದಿಸಿ ಸಾಗುತ್ತದೆ. ಇಟ್ಟಿಗೆಯು ಕಾಂಕ್ರೀಟನ್ನು ಭೇದಿಸದು. ನಿಜವಾದ ಕಟ್ಟಡದ ನಡತೆಯೂ ಇದೇ.

ಹಲವರು ಕೂಡಿ ಒಂದೇ ಕಟ್ಟಡವನ್ನು ರೂಪಿಸುವಾಗ ಇನ್ನೊಂದು ಭೇದ ಕಾಣುತ್ತದೆ. ರೆವಿಟಿನ ಮೂಲ ಪದ್ಧತಿಯಲ್ಲಿ ಒಂದು ಕೇಂದ್ರ ಕಡತವಿದ್ದು, ಪ್ರತಿಯೊಬ್ಬರೂ ಅದರ ಪ್ರತಿಯನ್ನು ಇಟ್ಟುಕೊಂಡು, ತಾವು ತಿದ್ದುವ ಭಾಗವನ್ನು ಎರವಲು ಪಡೆದು, ಆಗಾಗ ಕೇಂದ್ರದೊಡನೆ ಹೊಂದಿಸುತ್ತಾರೆ. ಆರ್ಕಿಕ್ಯಾಡ್ 2009ರ 13ನೆಯ ಆವೃತ್ತಿಯಿಂದ ಬದಲಾದ ಅಂಶವನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುವ ಏರ್ಪಾಡನ್ನು ತಂದಿತು. ಜಾಲದ ವೇಗವು ಕಡಿಮೆಯಿರುವ ಊರುಗಳಲ್ಲಿ ಇದು ಉಪಯುಕ್ತ.

ರೆವಿಟಿನ ಹಿರಿಮೆ ಇರುವುದು ಸಮಗ್ರತೆಯಲ್ಲಿ. ವಾಸ್ತುಶಿಲ್ಪ, ಕಟ್ಟಡದ ಬಲದ ಲೆಕ್ಕ, ವಿದ್ಯುತ್ತು ಹಾಗೂ ಕೊಳವೆಗಳ ವ್ಯವಸ್ಥೆಗೆಂದು ಬೇರೆಬೇರೆಯಾಗಿದ್ದ ಅದರ ಮೂರು ರೂಪಗಳು 2013ರ ಆವೃತ್ತಿಯಲ್ಲಿ ಒಂದೇ ಪೆಟ್ಟಿಗೆಯಲ್ಲಿ ಸೇರಿದವು. ಹೀಗಾಗಿ ಅಭಿಯಂತರರ ಕಚೇರಿಗಳು ಅದನ್ನು ಅಪ್ಪಿಕೊಂಡವು. ಆದರೆ ಅದು ವಿಂಡೋಸ್ ಯಂತ್ರಗಳಿಗೆ ಮಾತ್ರ ಒಗ್ಗುತ್ತದೆ. ಆರ್ಕಿಕ್ಯಾಡ್ ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲಿಯೂ ನಡೆಯುತ್ತದೆ. ವಾಸ್ತುಶಿಲ್ಪಿಗಳು ಮಾತ್ರ ಇರುವ ಸಣ್ಣ ಕಚೇರಿಗೆ ಆರ್ಕಿಕ್ಯಾಡೂ, ನಾಲ್ಕಾರು ಶಾಖೆಗಳ ತಜ್ಞರು ಕೂಡಿ ನಡೆಸುವ ದೊಡ್ಡ ಯೋಜನೆಗೆ ರೆವಿಟೂ ಸಹಜವಾಗಿ ಹೊಂದುತ್ತವೆ ಎನ್ನುವುದು ಸ್ಥೂಲವಾದ ತೀರ್ಮಾನ.

ಇತರ ಸಾಧನಗಳು

ಇವೆರಡರ ಜೊತೆಗೆ ಬೇರೆ ಕೆಲವು ಸಾಧನಗಳೂ ತಮ್ಮ ತಮ್ಮ ಕ್ಷೇತ್ರದಲ್ಲಿ ಮಾನ್ಯವಾಗಿವೆ. ಅಮೆರಿಕದ ಬೋಲ್ಡರ್ ಪಟ್ಟಣದಲ್ಲಿ 2000ದಲ್ಲಿ ಹೊರಬಂದ ಸ್ಕೆಚ್‌ಅಪ್ ಅತ್ಯಂತ ಸರಳವಾದುದು. ಒಂದು ಆಯತವನ್ನು ಬರೆದು ಅದರ ಮುಖವನ್ನು ಹಿಡಿದೆಳೆದರೆ ಪೆಟ್ಟಿಗೆಯಾಗುತ್ತದೆ. ಒಳಗೆ ತಳ್ಳಿದರೆ ಗುಳಿಯಾಗುತ್ತದೆ. ಗೂಗಲ್ ಸಂಸ್ಥೆಯು 2006ರಲ್ಲಿ ಕೊಂಡು 2012ರಲ್ಲಿ ಟ್ರಿಂಬಲ್ ಸಂಸ್ಥೆಗೆ ಮಾರಿದ ಈ ಸಾಧನವು ಮೊದಲ ಕಲ್ಪನೆಯನ್ನು ಕಟ್ಟಿಸುವವರಿಗೆ ತೋರಿಸಲು ಅನುಕೂಲವಾದುದು. ಕಟ್ಟಡದ ಸೂಕ್ಷ್ಮ ವಿವರಗಳ ಭಾರವನ್ನು ಅದರ ಮೇಲೆ ಹೊರಿಸುವುದು ಉಚಿತವಲ್ಲ. ವಕ್ರವಾದ, ಬಳುಕುವ ರೂಪಗಳಿಗೆ ರೈನೊ ಎಂಬ ಸಾಧನವೂ, ರೂಪವನ್ನು ನಿಯಮಗಳ ಸರಪಳಿಯಾಗಿ ಹೆಣೆಯುವ ಅದರ ಗ್ರಾಸ್‌ಹಾಪರ್ ಎಂಬ ಅಂಗವೂ ಪ್ರಸಿದ್ಧ. ಸ್ಪೇನಿನ ಬಿಲ್ಬಾವೊ ನಗರದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ ತಿರುಚಿದ ಗೋಡೆಗಳಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅವರ ಕಚೇರಿಯು ವಿಮಾನ ವಿನ್ಯಾಸದ ಕ್ಯಾಟಿಯಾ ತಂತ್ರಾಂಶವನ್ನೇ ಎರವಲು ತರಬೇಕಾಯಿತೆಂಬುದನ್ನು ನೆನೆದರೆ, ಇಂಥ ಸಾಧನಗಳು ತುಂಬಿದ ಕೊರತೆ ಎಂಥದೆಂದು ತಿಳಿಯುವುದು. ನೆಮೆಚೆಕ್ ಬಳಗದವೇ ಆದ ಆಲ್‌ಪ್ಲಾನ್ ಮತ್ತು ವೆಕ್ಟರ್‌ವರ್ಕ್ಸ್‌ಗಳೂ ಇದೇ ಕ್ಷೇತ್ರದಲ್ಲಿವೆ. ಕಡತವನ್ನು ತಮ್ಮ ಯಂತ್ರದಲ್ಲಿ ಇರಿಸದೆ ಜಾಲತಾಣದಲ್ಲಿಯೇ ಹಲವರು ಏಕಕಾಲಕ್ಕೆ ವಿನ್ಯಾಸ ಮಾಡುವ ಸ್ನ್ಯಾಪ್‌ಟ್ರೂಡ್ ಎಂಬ ಸಾಧನವು ಬೆಂಗಳೂರಿನಲ್ಲಿ ಬೆಳೆದುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ಹೊಸ ಸೌಲಭ್ಯಗಳ ಪರೀಕ್ಷೆ

ಪ್ರತಿ ವರ್ಷವೂ ಹೊಸ ಸೌಲಭ್ಯಗಳ ಪಟ್ಟಿ ಬರುತ್ತದೆ. ಅದನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಈ ಸೌಲಭ್ಯವು ಕಟ್ಟಡದ ದೋಷವನ್ನು ಕಡಿಮೆ ಮಾಡುವುದೇ, ಕಣ್ಣಿಗೆ ಹಿತವಾಗುವುದೇ?

ಆರ್ಕಿಕ್ಯಾಡ್ 2017ರ 21ನೆಯ ಆವೃತ್ತಿಯಲ್ಲಿ ತಂದ ಸೋಪಾನದ ಉಪಕರಣವು ಮೊದಲನೆಯ ಗುಂಪಿಗೆ ಸೇರಿದುದು. ಏರು, ಹಾಸುಗಳ ನಿಯಮಕ್ಕೆ ಹೊಂದುವ ಪರಿಹಾರಗಳನ್ನು ಅದು ತಾನೇ ಹುಡುಕಿ ಮುಂದಿಡುತ್ತದೆ. ಒಂದೇ ಕಡತದಲ್ಲಿ ಪರ್ಯಾಯ ವಿನ್ಯಾಸಗಳನ್ನಿಟ್ಟು ಹೋಲಿಸುವ ಏರ್ಪಾಡು ರೆವಿಟಿನಲ್ಲಿ ಬಹಳ ಹಿಂದೆಯೇ ಇತ್ತು. ಆರ್ಕಿಕ್ಯಾಡಿಗೆ ಅದು 2023ರ 27ನೆಯ ಆವೃತ್ತಿಯಲ್ಲಿ ಬಂದಿತು. ಇತ್ತ ರೆವಿಟ್ ಬಾಗಿದ ಗೋಡೆಯನ್ನು 2021ರ ಆವೃತ್ತಿಯಲ್ಲಿಯೂ, ಮೇಲಕ್ಕೆ ಹೋದಂತೆ ದಪ್ಪವು ಕಿರಿದಾಗುವ ಗೋಡೆಯನ್ನು 2022ರ ಆವೃತ್ತಿಯಲ್ಲಿಯೂ ಕಲಿಯಿತು. ನಮ್ಮ ಕೋಟೆಗಳ ಗೋಡೆಗಳನ್ನು ಶತಮಾನಗಳ ಹಿಂದೆಯೇ ಹಾಗೆ ಕಟ್ಟಿದ್ದರು. ಯಂತ್ರವು ಕಲಿಯಲು ತಡವಾಯಿತು. ಹಾಳೆಗಳನ್ನು ನೇರವಾಗಿ ಪಿಡಿಎಫ್ ಕಡತವಾಗಿ ಹೊರತೆಗೆಯುವ ಅನುಕೂಲವೂ 2022ರಲ್ಲಿಯೇ ಸೇರಿತು. ನೆಲವನ್ನು ಬರಿಯ ಮೇಲ್ಮೈಯಾಗಿ ನೋಡದೆ ದಪ್ಪವುಳ್ಳ ಘನವಸ್ತುವಾಗಿ ಗ್ರಹಿಸುವ ಏರ್ಪಾಡು 2024ರ ಆವೃತ್ತಿಯಲ್ಲಿ ಬಂದಿತು. ಅಗೆದ ಮಣ್ಣೆಷ್ಟು, ತುಂಬಬೇಕಾದ ಮಣ್ಣೆಷ್ಟು ಎಂಬ ಲೆಕ್ಕಕ್ಕೆ ಇದು ನೆರವು. ಅದೇ ಆವೃತ್ತಿಯಲ್ಲಿ ತೆರೆಯ ಹಿನ್ನೆಲೆಯನ್ನು ಕಪ್ಪಾಗಿಸುವ ಸೌಲಭ್ಯವೂ ಬಂದಿತು. ಕಣ್ಣಿನ ಆಯಾಸಕ್ಕೆ ಅದು ಒಳ್ಳೆಯದೇ. ಆದರೆ ಅದರಿಂದ ಕಟ್ಟಡವೇನೂ ಸುಧಾರಿಸದು.

ಕೃತಕ ಬುದ್ಧಿಮತ್ತೆಯು ಎಲ್ಲ ಸಾಧನಗಳಲ್ಲಿಯೂ ಪ್ರವೇಶಿಸಿದೆ. ಸ್ಥೂಲವಾದ ಮಾದರಿಯನ್ನೂ ನಾಲ್ಕು ಮಾತಿನ ವರ್ಣನೆಯನ್ನೂ ಕೊಟ್ಟರೆ ಮನೋಹರವಾದ ಬಣ್ಣದ ಚಿತ್ರವನ್ನು ರಚಿಸಿಕೊಡುವ ಉಪಕರಣವನ್ನು ಗ್ರಾಫಿಸಾಫ್ಟ್ 2023ರಲ್ಲಿ ಒದಗಿಸಿತು. ಆಟೊಡೆಸ್ಕ್ ಸಂಸ್ಥೆಯು ಅದೇ ವರ್ಷ ಫಾರ್ಮಾ ಎಂಬ ಸಾಧನವನ್ನು ಹೊರತಂದಿತು; ನಿವೇಶನದ ಮೇಲೆ ಬಿಸಿಲು, ಗಾಳಿ, ಸದ್ದುಗಳ ಪರಿಣಾಮವನ್ನು ಅದು ಆರಂಭದ ಹಂತದಲ್ಲಿಯೇ ಅಂದಾಜುಮಾಡುತ್ತದೆ. ಇವೆರಡರ ಅಂತರವನ್ನು ಅರಿಯುವುದು ವಿವೇಕ. ಬಣ್ಣದ ಚಿತ್ರವು ದಾನಿಗಳ ಮನಸ್ಸನ್ನು ಒಲಿಸಬಹುದು; ಆದರೆ ಅದರಲ್ಲಿ ಕಾಣುವ ಕಂಬವು ಮಾದರಿಯಲ್ಲಿ ಇಲ್ಲದಿರಬಹುದು. ಪಶ್ಚಿಮದ ಬಿಸಿಲು ತರಗತಿಯ ಕರಿಹಲಗೆಯ ಮೇಲೆ ಎಷ್ಟು ಹೊತ್ತು ಬೀಳುವುದೆಂಬ ಲೆಕ್ಕವು ಚಿತ್ರದಷ್ಟು ಚೆಲುವಲ್ಲದಿದ್ದರೂ ಮಕ್ಕಳ ಕಣ್ಣಿಗೆ ಉಪಕಾರಿ.

ಒಡೆತನದ ಪ್ರಶ್ನೆ

ಈವರೆಗಿನ ತುಲನೆಯು ಸಾಧನವನ್ನು ಬಳಸುವವರ ದೃಷ್ಟಿಯಿಂದಾಯಿತು. ಕಟ್ಟಿಸುವವರ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ. ಮಾದರಿಯು ಯಾರದು? ಇಪ್ಪತ್ತು ವರ್ಷಗಳ ಅನಂತರ ಅದನ್ನು ತೆರೆಯಲು ಸಾಧ್ಯವೇ?

ಹಿಂದೆ ತಂತ್ರಾಂಶವನ್ನು ಒಮ್ಮೆ ಕೊಂಡರೆ ಅದು ಕೊಂಡವರ ಸ್ವತ್ತು. ಆಟೊಡೆಸ್ಕ್ ಸಂಸ್ಥೆಯು 2016ರಲ್ಲಿ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ಜಾರಿಗೆ ತಂದಿತು. ಸ್ಕೆಚ್‌ಅಪ್ 2020ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಚಂದಾ ನಿಂತರೆ, ನೋಡುವುದಕ್ಕೆ ಉಚಿತ ಸಾಧನಗಳಿದ್ದರೂ, ತಿದ್ದುವ ಅಧಿಕಾರವು ನಿಲ್ಲುತ್ತದೆ. ಸ್ವಂತ ಮನೆಯಲ್ಲಿದ್ದವರು ಬಾಡಿಗೆದಾರರಾದಂತೆ ಇದು. ಬ್ರಿಟನ್ನಿನ ಹೆಸರಾಂತ ವಾಸ್ತುಶಿಲ್ಪ ಕಚೇರಿಗಳು ಕೂಡಿ 2020ರ ಜುಲೈಯಲ್ಲಿ ಆಟೊಡೆಸ್ಕ್ ಸಂಸ್ಥೆಗೆ ಬಹಿರಂಗ ಪತ್ರವನ್ನು ಬರೆದು, ವೆಚ್ಚವು ಏರುತ್ತಿದ್ದರೂ ರೆವಿಟಿನ ಬೆಳವಣಿಗೆಯು ಕುಂಠಿತವಾಗಿದೆಯೆಂದು ಆಕ್ಷೇಪಿಸಿದವು. ವೃತ್ತಿಯ ಶ್ರೇಷ್ಠರೇ ಹೀಗೆ ದೂರಿಕೊಳ್ಳಬೇಕಾದುದು, ಒಂದೇ ಸಾಧನವನ್ನು ಸಂಪೂರ್ಣವಾಗಿ ಆಶ್ರಯಿಸಿದವರ ಸ್ಥಿತಿಯನ್ನು ತೋರಿಸುತ್ತದೆ.

ಆವೃತ್ತಿಗಳ ತೊಡಕು ಇನ್ನೊಂದು. ಹೊಸ ರೆವಿಟಿನಲ್ಲಿ ಉಳಿಸಿದ ಕಡತವನ್ನು ಹಳೆಯ ರೆವಿಟ್ ತೆರೆಯಲಾರದು. ಹಳೆಯ ರೂಪಕ್ಕೆ ಇಳಿಸಿ ಉಳಿಸುವ ಮಾರ್ಗವನ್ನೂ ಅದು ಕೊಟ್ಟಿಲ್ಲ. ಆರ್ಕಿಕ್ಯಾಡ್ ಹಿಂದಿನ ಆವೃತ್ತಿಗೆ ಇಳಿಸಿ ಉಳಿಸಬಲ್ಲುದು. ಆಟೊಕ್ಯಾಡಿನ ರೇಖಾಚಿತ್ರವನ್ನು ಹಲವು ತಲೆಮಾರುಗಳಷ್ಟು ಹಿಂದಕ್ಕೂ ಒಯ್ಯಬಹುದು. ಹೊಸ ಸೌಲಭ್ಯಗಳ ಪಟ್ಟಿಯಲ್ಲಿ ಈ ಭೇದವು ಎಲ್ಲಿಯೂ ಕಾಣದು. ಆದರೆ ಕಟ್ಟಡದ ಆಯುಷ್ಯವು ಐವತ್ತು, ನೂರು ವರ್ಷ. ತಂತ್ರಾಂಶದ ಆವೃತ್ತಿಯ ಆಯುಷ್ಯವು ಒಂದು ವರ್ಷ. ಅಲ್ಪಾಯುವಿನ ಕೈಯಲ್ಲಿ ದೀರ್ಘಾಯುವಿನ ಜಾತಕವನ್ನು ಒಪ್ಪಿಸುವಾಗ ಎಚ್ಚರವಿರಬೇಕು.

ಸಮಾನ ಭಾಷೆ

ಈ ಬಂಧನಕ್ಕೆ ಪರಿಹಾರವಾಗಿ ಬೆಳೆದುದು ಐಎಫ್‌ಸಿ ಎಂಬ ಮುಕ್ತ ಕಡತರೂಪ. ತಂತ್ರಾಂಶ ತಯಾರಕರೂ ನಿರ್ಮಾಣ ಸಂಸ್ಥೆಗಳೂ 1990ರ ದಶಕದ ಮಧ್ಯದಲ್ಲಿ ಆರಂಭಿಸಿದ ಈ ಪ್ರಯತ್ನವನ್ನು ಇಂದು ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ನಿರ್ವಹಿಸುತ್ತಿದೆ. ಐಎಫ್‌ಸಿ4 ಎಂಬ ಅದರ ರೂಪವು 2013ರಲ್ಲಿ ಐಎಸ್‌ಒ 16739 ಎಂಬ ಮಾನಕವಾಯಿತು. ಸೇತುವೆ, ರಸ್ತೆ, ರೈಲುಮಾರ್ಗಗಳನ್ನೂ ಒಳಗೊಂಡ 4.3ನೆಯ ರೂಪವು 2024ರಲ್ಲಿ ಅದೇ ಮನ್ನಣೆಯನ್ನು ಪಡೆಯಿತು. ಇದು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ. ರೆವಿಟಿನಲ್ಲಿ ಬರೆದ ಗೋಡೆಯು ಇದರ ಮೂಲಕ ಆರ್ಕಿಕ್ಯಾಡಿನಲ್ಲಿಯೂ ಗೋಡೆಯೆಂದೇ ಗುರುತಿಸಿಕೊಳ್ಳುತ್ತದೆ.

ಆದರೂ ಭಾಷಾಂತರದ ನಷ್ಟವು ಇಲ್ಲಿಯೂ ಇದೆ. ವಸ್ತುವಿನ ಆಕಾರವೂ ಗುಣಗಳೂ ದಾಟಿ ಬರುತ್ತವೆ. ಒಂದನ್ನು ತಿದ್ದಿದರೆ ಇನ್ನೊಂದು ತಿದ್ದುಪಡಿಯಾಗುವ ಆಂತರಿಕ ಸಂಬಂಧಗಳು ಬಹುಮಟ್ಟಿಗೆ ಹಿಂದೆಯೇ ಉಳಿಯುತ್ತವೆ. ಅರ್ಥವು ಉಳಿದು ಛಂದಸ್ಸು ಕಳೆದುಹೋದ ಅನುವಾದದಂತೆ ಇದು. ಹಾಗೆಂದು ಅನುವಾದವನ್ನು ತಿರಸ್ಕರಿಸುವವರಿಲ್ಲ. ಮೂಲಭಾಷೆಯನ್ನು ಬಲ್ಲವರು ಇಲ್ಲದ ಕಾಲಕ್ಕೆ ಅದೇ ಆಧಾರ.

ವೆಚ್ಚವಿಲ್ಲದ ಸಾಧನಗಳೂ ಬಲಗೊಳ್ಳುತ್ತಿವೆ. ಫ್ರೀಕ್ಯಾಡ್ ಎಂಬ ಮುಕ್ತ ತಂತ್ರಾಂಶವು 2002ರಿಂದ ಬೆಳೆಯುತ್ತ ಬಂದು 2024ರ ನವೆಂಬರಿನಲ್ಲಿ 1.0 ಆವೃತ್ತಿಯನ್ನು ತಲುಪಿತು; ಕಟ್ಟಡದ ಮಾದರಿಗೆ ಬೇಕಾದ ವಿಭಾಗವು ಅದರಲ್ಲಿಯೇ ಸೇರಿದೆ. ಬ್ಲೆಂಡರ್ ಎಂಬ ಮುಕ್ತ ಚಿತ್ರತಂತ್ರಾಂಶವನ್ನು ಆಶ್ರಯಿಸಿದ ಬಾನ್ಸಾಯ್ ಎಂಬ ಸಾಧನವು ಐಎಫ್‌ಸಿ ಕಡತವನ್ನೇ ಮೂಲವಾಗಿಟ್ಟುಕೊಂಡು ಕೆಲಸಮಾಡುತ್ತದೆ. ರೆವಿಟ್, ಆರ್ಕಿಕ್ಯಾಡುಗಳ ನಯವೂ ಸಿದ್ಧವಸ್ತುಗಳ ವಿಸ್ತಾರವಾದ ಭಂಡಾರವೂ ಇವುಗಳಿಗೆ ಇನ್ನೂ ದಕ್ಕಿಲ್ಲ. ಆದರೆ ಡಿಪ್ಲೊಮಾ, ಇಂಜಿನಿಯರಿಂಗ್ ತರಗತಿಗಳ ವಿದ್ಯಾರ್ಥಿಗೆ ತತ್ತ್ವವನ್ನು ಕಲಿಯಲು ಇವು ಧಾರಾಳವಾಗಿ ಸಾಕು. ಆಟೊಡೆಸ್ಕ್, ಗ್ರಾಫಿಸಾಫ್ಟ್ ಸಂಸ್ಥೆಗಳೂ ವ್ಯಾಸಂಗದ ಅವಧಿಗೆ ತಮ್ಮ ತಂತ್ರಾಂಶಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತವೆ. ಒಂದರಲ್ಲಿ ತತ್ತ್ವವನ್ನು ಅರಿತವನಿಗೆ ಇನ್ನೊಂದು ಕೆಲವು ವಾರಗಳ ಅಭ್ಯಾಸವಷ್ಟೆ. ಗುಂಡಿ ಒತ್ತುವ ಕ್ರಮವನ್ನು ಮಾತ್ರ ಕಂಠಪಾಠ ಮಾಡಿದವನು ಆವೃತ್ತಿ ಬದಲಾದೊಡನೆ ಅನಕ್ಷರಸ್ಥನಾಗುತ್ತಾನೆ. ಅಧ್ಯಾಪಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಟ್ಟಿಸುವವರ ಕರ್ತವ್ಯ

ಸಿಂಗಪುರದಲ್ಲಿ 2015ರಿಂದ 5000 ಚದರ ಮೀಟರಿಗೂ ಮಿಗಿಲಾದ ಹೊಸ ಕಟ್ಟಡಗಳಿಗೆ ಮಾದರಿಯ ರೂಪದಲ್ಲಿಯೇ ಅನುಮತಿ ಪಡೆಯುವ ವಿಧಿ ಬಂದಿತು. ಬ್ರಿಟನ್ನಿನ ಕೇಂದ್ರ ಸರ್ಕಾರವು ತನ್ನ ಕಟ್ಟಡಗಳಿಗೆ 2016ರ ಏಪ್ರಿಲಿನಿಂದ ಬಿಮ್ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಅಲ್ಲಿ ಸರ್ಕಾರವು ಕೇಳಿದುದನ್ನು ಇಲ್ಲಿ ಕಟ್ಟಿಸುವ ಸಂಸ್ಥೆಯೇ ಕೇಳಬಹುದು. ಅದಕ್ಕೆ ತಂತ್ರಾಂಶದ ಪಾಂಡಿತ್ಯವೇನೂ ಬೇಕಿಲ್ಲ. ಒಪ್ಪಂದಪತ್ರದಲ್ಲಿ ನಾಲ್ಕು ಸಾಲುಗಳಿದ್ದರೆ ಸಾಕು.

ಮೊದಲನೆಯದಾಗಿ, ಮೂಲ ಕಡತವನ್ನು ತಂತ್ರಾಂಶದ ಹೆಸರು, ಆವೃತ್ತಿಗಳ ಉಲ್ಲೇಖದೊಡನೆ ಒಪ್ಪಿಸಬೇಕು. ಎರಡನೆಯದಾಗಿ, ಅದರ ಐಎಫ್‌ಸಿ ರೂಪವನ್ನೂ ಕೊಡಬೇಕು. ಮೂರನೆಯದಾಗಿ, ಎಲ್ಲ ಹಾಳೆಗಳನ್ನೂ ಪಿಡಿಎಫ್/ಎ ರೂಪದಲ್ಲಿ ಕೊಡಬೇಕು. ದೀರ್ಘಕಾಲದ ಸಂರಕ್ಷಣೆಗೆಂದೇ ರೂಪಿಸಿ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಕಡತರೂಪವಿದು. ನಾಲ್ಕನೆಯದಾಗಿ, ಕಟ್ಟುವಾಗ ಆದ ಬದಲಾವಣೆಗಳನ್ನೆಲ್ಲ ಸೇರಿಸಿ, ಕಟ್ಟಿದ್ದನ್ನು ಕಟ್ಟಿದಂತೆಯೇ ತೋರಿಸುವ ನಕ್ಷೆಗಳ ಒಂದು ಕಟ್ಟನ್ನು ಗಟ್ಟಿಯಾದ ಕಾಗದದ ಮೇಲೆ ಮುದ್ರಿಸಿ ಸಂಸ್ಥೆಯ ಭಂಡಾರದಲ್ಲಿರಿಸಬೇಕು. ವಾಸ್ತುಶಿಲ್ಪಿಯು ಯಾವ ಸಾಧನವನ್ನು ಬಳಸಬೇಕೆಂಬುದು ಅವರಿಗೇ ಬಿಟ್ಟ ವಿಷಯ. ತಮಗೇನು ಸಲ್ಲಬೇಕೆಂಬುದನ್ನು ಮೊದಲೇ ಹೇಳುವುದು ಕಟ್ಟಿಸುವವರ ಹಕ್ಕು.

ದಾನಿಗಳ ಹಣದಿಂದ ಎದ್ದ ಕಟ್ಟಡಗಳಲ್ಲಿ ಈ ಎಚ್ಚರವು ಇನ್ನಷ್ಟು ಅಗತ್ಯ. ಮೂವತ್ತು ವರ್ಷಗಳ ಅನಂತರ ಒಂದು ಅಂತಸ್ತನ್ನು ಏರಿಸಬೇಕಾದಾಗ, ಅಸ್ತಿವಾರದಲ್ಲಿ ಎಷ್ಟು ಕಬ್ಬಿಣವಿದೆ ಎಂಬುದಕ್ಕೆ ಉತ್ತರ ಸಿಗದಿದ್ದರೆ, ಅಭಿಯಂತರರು ಕಟ್ಟಡವನ್ನು ಕೊರೆದು ಪರೀಕ್ಷಿಸಬೇಕಾಗುತ್ತದೆ, ಇಲ್ಲವೆ ಸುರಕ್ಷಿತವಾಗಿರಲೆಂದು ಕೈಬಿಡಬೇಕಾಗುತ್ತದೆ. ಕೊಳವೆ ಒಡೆದಾಗ ಅದು ಯಾವ ಗೋಡೆಯಲ್ಲಿ ಹಾದುಹೋಗಿದೆಯೆಂದು ತಿಳಿಯದೆ ನಾಲ್ಕು ಗೋಡೆಗಳನ್ನು ಅಗೆಯಬೇಕಾಗುತ್ತದೆ. ಅಂದು ಖರ್ಚಾಗುವುದೂ ದಾನಿಗಳ ಹಣವೇ.

ಆಟೊಕ್ಯಾಡಿನ ಸರ್ವಪರಿಚಿತತೆ, ರೆವಿಟಿನ ಸಮಗ್ರತೆ, ಆರ್ಕಿಕ್ಯಾಡಿನ ಲಾಘವ, ಸ್ಕೆಚ್‌ಅಪ್ಪಿನ ಸರಳತೆ, ಮುಕ್ತ ತಂತ್ರಾಂಶಗಳ ಸ್ವಾತಂತ್ರ್ಯ ಇವೆಲ್ಲ ಆದರಣೀಯ ಗುಣಗಳೇ. ಮುಂದಿನ ವರ್ಷದ ಆವೃತ್ತಿಗಳು ಈ ತಾರತಮ್ಯವನ್ನು ಅಲ್ಲಲ್ಲಿ ಬದಲಿಸುವುದು ನಿಶ್ಚಿತ. ಕಟ್ಟಡವನ್ನು ಕುರಿತ ಸಮಸ್ತ ತಿಳಿವಳಿಕೆಯು ಅದನ್ನು ಕಟ್ಟಿಸಿದವರ ಭಂಡಾರದಲ್ಲಿ, ಮುಂದಿನ ತಲೆಮಾರಿನವರು ಓದಬಲ್ಲ ರೂಪದಲ್ಲಿ ಇರಬೇಕೆಂಬ ತತ್ತ್ವವು ಮಾತ್ರ ಬದಲಾಗದು. ವಿದ್ಯಾಸಂಸ್ಥೆಗಳು ದಾಖಲಾತಿ ಪುಸ್ತಕವನ್ನೂ ಲೆಕ್ಕಪತ್ರವನ್ನೂ ಎಷ್ಟು ಶ್ರದ್ಧೆಯಿಂದ ಕಾಯ್ದಿರಿಸುತ್ತವೆಯೋ, ತಮ್ಮ ಕಟ್ಟಡಗಳ ನಕ್ಷೆ ಮತ್ತು ಮಾದರಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಾಯ್ದಿರಿಸತಕ್ಕದ್ದು. ವೃತ್ತಿಯಲ್ಲಿ ನುರಿತ ಹಳೆಯ ವಿದ್ಯಾರ್ಥಿಗಳು ಈಗಿರುವ ಕಟ್ಟಡಗಳನ್ನು ಅಳೆದು ಇಂಥ ದಾಖಲೆಯೊಂದನ್ನು ಸಿದ್ಧಪಡಿಸಿಕೊಟ್ಟರೆ, ಅದು ಒಂದು ಹೊಸ ಕೊಠಡಿಯನ್ನು ಕಟ್ಟಿಸಿಕೊಟ್ಟಷ್ಟೇ ಬೆಲೆಯುಳ್ಳ ಸೇವೆಯಾಗುವುದರಲ್ಲಿ ಸಂದೇಹವಿಲ್ಲ.